ಖಮೀರಿನ ಬಾಟಲಿ, ಹಗೇವಿನ ಬಾಯಿ

ಹೋದ ತಿಂಗಳು ಹುಮನಾಬಾದಿಗೆ, ಮಗಳ ಮನೆಗೆ ಹೋಗಿದ್ದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆನೋ ಇಲ್ಲವೋ, ಮೂಗಿಗೆ ಒಂದು ವಾಸನೆ ಬಡಿಯಿತು. ಹುಳಿ ಬಂದ ಬೆಲ್ಲದ ನೀರಿಗೆ ಬೇಕರಿಯ ವಾಸನೆ ಕಲಸಿದಂತೆ. ನಾನು ಅಲ್ಲೇ ನಿಂತುಬಿಟ್ಟೆ. ಪಡಸಾಲೆಯ ಮೂಲೆಯಲ್ಲಿ ಗಾಜಿನ ತೊಟ್ಟಿಯೊಂದಿತ್ತು. ಅದರ ತುಂಬ ಹಸಿರು ಗಿಡ, ನಡುವೆ ಕೆಂಪು ಮೀನು. ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ. ಅದರ ಮುಚ್ಚಳದಿಂದ ಹೊರಟ ಸಣ್ಣ ನಳಿಗೆ ತೊಟ್ಟಿಯ ನೀರಿಗೆ ಇಳಿದಿತ್ತು. ಗುಳುಕ್, ಗುಳುಕ್ ಎಂದು ಗುಳ್ಳೆಗಳು ಏಳುತ್ತಿದ್ದವು.

"ಅವ್ವಾ, ಯಾಕ? ಮಾರಿ ಯಾಕ ಹಿಂಗಾತು?" ಎಂದಳು ಸುಧಾ.

"ಈ ಬಾಟಲಿ ಯಾರು ಮಾಡಿದ್ರು?"

"ನಿನ್ನ ಅಳಿಯ. ಮೊಬೈಲ್‌ದಾಗ ನೋಡಿ ಮಾಡ್ಯಾರ. ಗಿಡ ಎಷ್ಟು ಛಂದ ಬಂದಾವ ನೋಡು."

"ಮೊದಲ ಕಿಟಕಿ ತಗಿ," ಎಂದೆ.

ಅವಳು ನಕ್ಕಳು. ನಗಲಿ ಪಾಪ, ಅವಳಿಗೇನು ಗೊತ್ತು! ಹಸುಗೂಸಾಗಿದ್ದಾಗ ಅವಳು ಇಂಥದೇ ಬಾಟಲಿಯ ಮಗ್ಗುಲಲ್ಲಿ ಒಂದು ಮಳೆಗಾಲ ಕಳೆದಿದ್ದಾಳೆ. ಆ ಮಳೆಗಾಲವಿಡೀ ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಎಂಬತ್ತರ ದಶಕದ ಆರಂಭದ ಮಾತು. ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಇವರು ವಿಜ್ಞಾನದ ಮಾಸ್ತರರಾಗಿದ್ದರು. ಇವರು ಅಂದರೆ ನನ್ನ ಯಜಮಾನರು. ನಮ್ಮ ಕಡೆ ಗಂಡನ ಹೆಸರು ಹೇಳುವುದಿಲ್ಲ, ಬರೆಯಲಿಕ್ಕೂ ಕೈ ತಡೆಯುತ್ತದೆ. ಶಿವರಾಯ ಎಂಬವರ ಹಳೆಯ ವಾಡೆಯಲ್ಲಿ ನಮಗೆ ಬಾಡಿಗೆಗೆ ಒಂದು ಕೋಣೆ, ಒಂದು ಅಡುಗೆಮನೆ. ದಪ್ಪ ಕಲ್ಲಿನ ಗೋಡೆ, ಇದ್ದದ್ದು ಒಂದೇ ಕಿಟಕಿ. ನಡುವೆ ಅಂಗಳ. ಮನೆ ನೋಡಲು ಹೋದ ದಿನವೇ ನನ್ನ ಕಣ್ಣು ಬಿದ್ದದ್ದು ಆ ಅಂಗಳದ ಮೂಲೆಯಲ್ಲಿ ಮಣ್ಣು ಮೆತ್ತಿದ್ದ ದುಂಡು ಚಪ್ಪಡಿಯ ಮೇಲೆ.

"ಹಗೇವ ಅದ ಇಲ್ಲಿ. ಈ ಮನಿ ಬ್ಯಾಡ್ರಿ," ಎಂದೆ.

"ಹಗೇವ ಏನು ಎದ್ದು ಬಂದು ನಿನ್ನ ಹಿಡಿತದೇನು?" ಎಂದು ಇವರು ಸಾಮಾನು ಇಳಿಸಿಯೇ ಬಿಟ್ಟರು.

ಹಗೇವು ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಹೊಟ್ಟೆ ಮಾತ್ರ ಕೋಣೆಯಷ್ಟು. ಸುಗ್ಗಿಯಲ್ಲಿ ಜೋಳ ತುಂಬಿ, ಹುಲ್ಲು ಹಾಸಿ, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಒಳಗೆ ಹುಳ ಕೂಡ ಉಳಿಯುವುದಿಲ್ಲ. ಹುಳ ಉಳಿಯದ ಕಡೆ ಮನುಷ್ಯ ಹೇಗೆ ಉಳಿದಾನು? ಅದಕ್ಕೇ ತೆಗೆದ ದಿನ ಯಾರೂ ಇಳಿಯಬಾರದು. ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಉರಿದರೆ ಇಳಿ, ಆರಿದರೆ ಸುಮ್ಮನೆ ಕೂಡು. ನಮ್ಮ ಕಡೆಯ ಕೂಸುಗಳಿಗೂ ಗೊತ್ತಿದ್ದ ಮಾತಿದು.

ನನ್ನ ಅಣ್ಣನಿಗೂ ಗೊತ್ತಿತ್ತು. ಮಂಠಾಳ ನಮ್ಮ ತವರು. ನಾನಿನ್ನೂ ಲಂಗ ಉಟ್ಟು ಓಡಾಡುವ ಹುಡುಗಿ. ಮಳೆಗಾಲದ ಒಂದು ಬೆಳಿಗ್ಗೆ ಅಣ್ಣ ಹಗೇವಿಗೆ ಕಂದೀಲು ಬಿಟ್ಟ. ಆರಿತು. "ಹವಾಕ್ಕ ಆರೇದ," ಎಂದ. ಅವತ್ತು ಗಾಳಿ ನಿಜವಾಗಿಯೂ ಜೋರಾಗಿ ಬೀಸುತ್ತಿತ್ತು. ನನ್ನ ವೈನಿ, ಅಣ್ಣನ ಹೆಂಡತಿ, ಮದುವೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ, ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. "ಏನ್ರಿ, ಬ್ಯಾಡ್ರಿ," ಎಂದಳು. ಅಣ್ಣ ಇಳಿದೇಬಿಟ್ಟ. ಜೋಳದ ಮೇಲೆ ನಿಂತ, ಮುಖ ಮೇಲೆತ್ತಿದ, ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಆಮೇಲೆ ದಣಿದವನಂತೆ ಮೆಲ್ಲಗೆ ಕೂತ. "ಏನ್ರಿ... ಏನ್ರಿ..." ವೈನಿ ಕರೆಯುತ್ತಲೇ ಇದ್ದಳು. ಜನ ಓಡಿ ಬಂದು ಕಂಬಳಿ ಬೀಸಿದರು, ಬೇವಿನ ಟೊಂಗೆ ಇಳಿಬಿಟ್ಟು ಗಾಳಿ ಆಡಿಸಿದರು, ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು.

ವೈನಿ ಆ ದಿನದ ಬಗ್ಗೆ ನನ್ನ ಹತ್ತಿರ ಒಮ್ಮೆ ಮಾತ್ರ ಬಾಯಿ ಬಿಟ್ಟಿದ್ದಳು. ನನ್ನ ಮದುವೆಯ ಹಿಂದಿನ ದಿನ ಬಳೆ ಏರಿಸುವ ಗದ್ದಲದಲ್ಲಿ ಅವಳನ್ನು ದೂರ ಇಟ್ಟಿದ್ದರು. ನಾನೇ ಅಡುಗೆಮನೆಗೆ ಹೋಗಿ ಅವಳ ಮಗ್ಗುಲಲ್ಲಿ ಕೂತೆ. ರೊಟ್ಟಿ ಬಡಿಯುತ್ತಲೇ ಅಂದಳು: "ಹೆಸರ ಹಿಡದು ಕರೀಬೇಕಿತ್ತು ನೀಲಾ. ಏನ್ರಿ ಅಂತ ಎಲ್ಲಾರೂ ಕರೀತಾರ, ಯಾವ ಗಂಡಸು ಹೊಳ್ಳಿ ನೋಡ್ತಾನ? ಹೆಸರ ಹಿಡದು ಒದರಿದ್ರ ಗಾಬರಿಯಾಗಿ ಆದ್ರೂ ನಿಲ್ತಿದ್ರು. ಬಾಯಿಗಿ ಬರ್ಲಿಲ್ಲ. ಬಾಯಿಗೇ ಬರ್ಲಿಲ್ಲ ನನಗ."

ಇಂಥದ್ದನ್ನು ಕಂಡು ಕೇಳಿ ಬೆಳೆದವಳ ಮನೆಗೆ ನಮ್ಮ ಮಾಸ್ತರರು ಗ್ಯಾಸಿನ ಬಾಟಲಿ ತಂದರು.

ಮೊದಲು ಬಂದದ್ದು ತೊಟ್ಟಿ. ಟ್ರಂಕು ಮಾಡುವವನ ಹತ್ತಿರ ಕಬ್ಬಿಣದ ಚೌಕಟ್ಟು ಮಾಡಿಸಿ, ಗಾಜು ಕೂರಿಸಿ, ಕಿಟಕಿಯ ಕೆಳಗೆ ಇಟ್ಟರು. ತ್ರಿಪುರಾಂತ ಕೆರೆಯಿಂದ ನೀರಿನ ಗಿಡ ಕಿತ್ತು ತಂದು ಮರಳಿನಲ್ಲಿ ನೆಟ್ಟರು. ಜೊತೆಗೆ ಬೆರಳುದ್ದದ ಒಂದಿಷ್ಟು ಮೀನು. ಶಿವರಾಯರ ತಾಯಿಯನ್ನು ವಾಡೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು. ಅವರು ಬಾಗಿಲಲ್ಲೇ ನಿಂತು ಕೆನ್ನೆಗೆ ಕೈ ಹಚ್ಚಿಕೊಂಡರು.

"ಶಿವಾ ಶಿವಾ! ಲಿಂಗವಂತರ ಮನ್ಯಾಗ ಮೀನೇನೋ ಮಾಸ್ತರ?"

"ತಿನ್ನಾಕಲ್ಲ ಆಯಿ, ನೋಡಾಕ."

"ನೋಡಿ ನೋಡಿ ಆಮ್ಯಾಲ ಬಾಯಾಗ ನೀರು ಬಂದ್ರ?"

ಅವತ್ತು ನಾನೂ ನಕ್ಕೆ. ನನ್ನ ನಗು ಅಲ್ಲಿಗೇ ಮುಗಿಯಿತು. ಗಿಡಗಳು ದಿನೇದಿನೇ ಹಳದಿಯಾಗತೊಡಗಿದವು. "ಇವಕ್ಕ ಹೊಟ್ಟಿಗಿ ಸಾಲವಲ್ದು," ಎಂದು ಇವರು ತಲೆ ಕೆರೆದುಕೊಂಡರು. ಒಂದು ಸಂಜೆ ಕಂಪೌಂಡರನ ಹತ್ತಿರದಿಂದ ಖಾಲಿ ಸಲಾಯಿನ್ ಬಾಟಲಿ, ರಬ್ಬರಿನ ಬಿರಡೆ, ನಳಿಗೆ ಎಲ್ಲ ತಂದರು. ಆಗ ಸಲಾಯಿನ್ ಗಾಜಿನ ಬಾಟಲಿಯಲ್ಲೇ ಬರುತ್ತಿತ್ತು. ಬಿಸಿನೀರಿನಲ್ಲಿ ತೊಳೆದು, ಬೆಲ್ಲದ ನೀರು ತುಂಬಿ, ಬೇಕರಿಯವನು ಕೊಟ್ಟ ಖಮೀರು ಹಾಕಿದರು. ಬ್ರೆಡ್ಡಿನ ಹಿಟ್ಟು ಉಬ್ಬಲು ಹಾಕುತ್ತಾರಲ್ಲ, ಅದೇ. ನಳಿಗೆಯ ತುದಿಯನ್ನು ತೊಟ್ಟಿಯೊಳಗೆ ಬೋರಲು ಹಾಕಿದ ಗಾಜಿನ ಲೋಟದ ಕೆಳಗೆ ಸಿಕ್ಕಿಸಿದರು. ಸ್ವಲ್ಪ ಹೊತ್ತಿಗೆ ಗುಳ್ಳೆ ಬರತೊಡಗಿತು.

"ಇದರಾಗ ಏನು ಬರಾಕತ್ತದ್ರಿ?" ಎಂದೆ.

"ಇಂಗಾಲದ ಡೈಆಕ್ಸೈಡು. ಖಮೀರ ಬೆಲ್ಲಾ ತಿಂತದ, ಈ ಗ್ಯಾಸ ಬಿಡ್ತದ. ಗಿಡ ಇದನ್ನ ಉಂಡು ಬೆಳೀತಾವ."

"ಗ್ಯಾಸಿಗಿ ವಾಸನಿ ಇರ್ತದ?"

"ವಾಸನಿಲ್ಲ, ಬಣ್ಣಿಲ್ಲ. ಹವಾಕ್ಕಿಂತ ವಜ್ಜಾ, ಹೋಗಿ ತಳಕ್ಕ ಕೂಡ್ತದ." ಮಾಸ್ತರರಲ್ಲವೇ, ಪಾಠ ಅರ್ಧಕ್ಕೆ ಬಿಟ್ಟರೆ ಅವರಿಗೆ ಸಮಾಧಾನವಿಲ್ಲ. "ಹಗೇವಿನಾಗ ಇರ್ತದಲ್ಲ, ಅದೇ ಇದು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಕೂಸಿನ ಕಡೆ ತಿರುಗಿದೆ. ಸುಧಾ ತೊಟ್ಟಿಲಲ್ಲಿ ಮಲಗಿದ್ದಳು. ತೊಟ್ಟಿಲು ನೆಲದಿಂದ ಮೊಣಕಾಲೆತ್ತರದಲ್ಲಿ ತೂಗುತ್ತಿತ್ತು.

"ನೀಲಾ, ಫಿಕರ್ ಮಾಡಬ್ಯಾಡ. ಇದು ಎಳ್ಳಷ್ಟು ಗ್ಯಾಸ. ನಾವು ಮೂರೂ ಮಂದಿ ಉಸುರು ಬಿಟ್ರ ಇದಕ್ಕಿಂತ ಹೆಚ್ಚು ಬರ್ತದ."

ಅವರು ಹೇಳಿದ್ದು ಖರೇ ಇತ್ತು. ಈಗ ನನಗೂ ಗೊತ್ತು. ಆದರೆ ಹೆದರಿದ ಹೊಟ್ಟೆಗೆ ವಿಜ್ಞಾನ ಹೇಗೆ ಇಳಿಯಬೇಕು? ಮರುದಿನವೇ ತೊಟ್ಟಿಲಿನ ಹಗ್ಗವನ್ನು ಜಂತಿಗೆ ಸುತ್ತಿ ಸುತ್ತಿ ಎಷ್ಟು ಮೇಲೆ ಏರಿಸಿದೆನೆಂದರೆ, ಕೂಸನ್ನು ಎತ್ತಿಕೊಳ್ಳಲು ನಾನೇ ತುದಿಗಾಲಲ್ಲಿ ನಿಲ್ಲಬೇಕಾಯಿತು. ತೊಟ್ಟಿಲಿನ ಕೆಳಗೆ ನೆಲದ ಮೇಲೆ ಚಿಮಣಿ ಹಚ್ಚಿಟ್ಟೆ. ಹಗಲಾಗಲಿ ರಾತ್ರಿಯಾಗಲಿ ಅದು ಉರಿಯಲೇಬೇಕು. ಅದು ಸ್ವಲ್ಪ ಅಲುಗಿದರೂ ತೊಟ್ಟಿಲಿಗೆ ಓಡುತ್ತಿದ್ದೆ. ಮಳೆ ಓರೆಯಾಗಿ ಹೊಡೆಯುತ್ತಿದ್ದರೆ ಕಿಟಕಿ ಮುಚ್ಚಲೇಬೇಕು. ಆಗಂತೂ ಕೂಸನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತು ಚಿಮಣಿಯನ್ನೇ ನೋಡುತ್ತಿದ್ದೆ. ಸೀಮೆಎಣ್ಣೆ ಸುಮ್ಮನೆ ಸುಡುತ್ತಿದ್ದೀ ಎಂದು ಇವರು ಗೊಣಗಿದರೆ, "ನಿಮ್ಮ ಬಾಟಲಿ ಹೊರಗ ಹೋಗಲಿ, ಚಿಮಣಿ ಆರಸ್ತೀನಿ," ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ನೀರಿನ ಮೇಲೆ ಬಂದು ನಿಂತಿದ್ದವು. ಮುಖ ಮೇಲಕ್ಕೆತ್ತಿ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ. ಅಣ್ಣನ ಬಾಯಿ ಹಾಗೇ ಆಡಿದ್ದನ್ನು ನಾನು ನೋಡಿದ್ದೇನೆ. ಕಿರುಚಿಬಿಟ್ಟೆ. ಇವರು ಓಡಿ ಬಂದು ನಳಿಗೆ ಹೊರಗೆಳೆದರು, ಲೋಟದಿಂದ ನೀರು ಮೊಗೆದು ಮೊಗೆದು ಸುರಿದರು. ಮೀನುಗಳು ಬದುಕಿದವು.

"ಕತ್ತಲದಾಗ ಗಿಡ ಗ್ಯಾಸ ಉಣ್ಣೂದಿಲ್ಲ. ಎಲ್ಲಾ ನೀರಾಗೇ ನಿಂತದ. ನನಗ ಹೊಳೀಲೇ ಇಲ್ಲ ನೋಡು," ಎಂದರು.

"ಮೀನಿಗಿ ಆಗಿದ್ದು ಕೂಸಿಗಿ ಆಗೂದಿಲ್ಲೇನು?"

"ಕೂಸು ನೀರಾಗಿಲ್ಲ ಮಾರಾಯ್ತಿ!"

ಅವತ್ತಿನಿಂದ ಸಂಜೆಯಾದೊಡನೆ ನಳಿಗೆಯ ಸಣ್ಣ ಗಾಲಿ ತಿರುಗಿಸಿ ಗ್ಯಾಸು ಬಂದ್ ಮಾಡತೊಡಗಿದರು. ಸಲಾಯಿನ್ ಹನಿ ಹೆಚ್ಚು ಕಡಿಮೆ ಮಾಡಲು ಇರುತ್ತದಲ್ಲ, ಆ ಗಾಲಿ. ಗ್ಯಾಸು ಬಂದ್ ಆಗಬಹುದು, ಖಮೀರು ಬೆಲ್ಲ ತಿನ್ನುವುದನ್ನು ಬಿಡುತ್ತದೆಯೇ? ಒಂದು ಸಂಜೆ ರೊಟ್ಟಿಗೆ ಒಲೆಯ ಮೇಲೆ ಹಂಚು ಇಟ್ಟಿದ್ದೆ. ಢಬ್ ಎಂದು ಸದ್ದು. ಬಿರಡೆ ಹಾರಿ ಜಂತಿಗೆ ಬಡಿದಿತ್ತು. ಬೆಲ್ಲದ ನೊರೆ ಗೋಡೆಯ ಮೇಲೆಲ್ಲಾ ಇಳಿಯುತ್ತಿತ್ತು. ಚಿಮಣಿ ಆರಿತ್ತು. ನೊರೆ ಬಿದ್ದು ಆರಿತೋ ಏನಾಗಿ ಆರಿತೋ, ನೋಡಲು ಯಾರು ನಿಂತರು? ಕೂಸನ್ನು ಕಸಿದುಕೊಂಡು ಬರಿಗಾಲಲ್ಲಿ ಮಳೆಯ ಅಂಗಳಕ್ಕೆ ಓಡಿದೆ.

ಆಯಿ ಸದ್ದಿಗೆ ಹೊರಗೆ ಬಂದರು. ಗಾಳಿಯಲ್ಲಿ ಮೂಗು ಆಡಿಸಿದರು.

"ಮಾಸ್ತರ, ಖರೇ ಹೇಳು. ಒಳಗ ಸೆರೆ ಭಟ್ಟಿ ಹಚ್ಚಿದ್ಯೇನು?"

ಇವರು ಬೆಲ್ಲ ಮೆತ್ತಿದ ಮುಖದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮಾತ್ರ ಮಳೆಯಲ್ಲಿ ನಡುಗುತ್ತಾ ನಿಂತಿದ್ದೆ. ನನ್ನ ಭಯ ಇವರಿಗೆ ತಮಾಷೆಯಾಯಿತಲ್ಲ ಎಂದು ಸಿಟ್ಟಿನಿಂದ ಅಳು ಬಂತು.

ಆಮೇಲೆ ಇವರು ಗಾಲಿ ಮುಟ್ಟಲಿಲ್ಲ. ಸಂಜೆಗೆ ನಳಿಗೆಯನ್ನು ತೊಟ್ಟಿಯಿಂದ ತೆಗೆದು ಕಿಟಕಿಯ ಹೊರಗೆ ಬಿಡುವುದು, ಬೆಳಕಾದ ಮೇಲೆ ಮತ್ತೆ ನೀರಿಗೆ ಬಿಡುವುದು. ಸುಳ್ಳು ಯಾಕೆ ಹೇಳಲಿ, ಗಿಡಗಳು ಕಣ್ಣು ತುಂಬುವ ಹಾಗೆ ಬೆಳೆದವು. ಬಿಸಿಲು ಬಿದ್ದರೆ ಎಲೆಎಲೆಗೂ ಮುತ್ತು ಪೋಣಿಸಿದಂತೆ ಗುಳ್ಳೆ ಕೂಡುತ್ತಿತ್ತು. ಶಾಲೆಯ ಮಾಸ್ತರರು ಬಂದರು, ಓಣಿಯ ಜನ ಬಂದರು. ಇವರು ಎಲ್ಲರಿಗೂ ವಿವರಿಸಿದ್ದೇ ವಿವರಿಸಿದ್ದು. "ಗ್ಯಾಸ್ ಮಾಸ್ತರ್ರು" ಎಂದು ಹೆಸರೇ ಬಿತ್ತು. ಆ ಹೆಸರು ಇವರ ತಲೆಗೇರಿತು. ನನಗೆ ಬಾಟಲಿಗಿಂತ ಅದೇ ಹೆಚ್ಚು ಹೆದರಿಕೆ ತಂದಿತು. ಕೈಯಲ್ಲಿ ಆಡಿಸುವುದಕ್ಕೆ ಮನುಷ್ಯ ಹೆದರುವುದನ್ನು ಬಿಟ್ಟುಬಿಡುತ್ತಾನೆ.

ಶ್ರಾವಣ ಹತ್ತಿರ ಬಂದಿತ್ತು. ಮಳೆ ಬಿಡದೆ ಸುರಿದು ಅಂಗಳದ ನೀರು ಹಗೇವಿನೊಳಗೆ ಇಂಗಿತೆಂದು ಶಿವರಾಯರಿಗೆ ಅನುಮಾನ. ಜೋಳ ತೋಯ್ದರೆ ಮುಗ್ಗು ಹಿಡಿದು ಎಲ್ಲಾ ಹಾಳು. ಮಳೆ ಹೊಳವಾದ ಒಂದು ಮಧ್ಯಾಹ್ನ ಮಣ್ಣು ಕೆರೆದು ಚಪ್ಪಡಿ ಸರಿಸಿದರು. ಹುಳಿ ವಾಸನೆ ಮುಖಕ್ಕೆ ಹೊಡೆಯಿತು, ನಮ್ಮ ಬಾಟಲಿಯದೇ ವಾಸನೆ. ಕಂದೀಲು ಇಳಿಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆರಿತು.

"ಇವತ್ತು ಬ್ಯಾಡ. ಬಾಯಿ ತೆರದಿರಲಿ," ಎಂದರು ಶಿವರಾಯ.

ಇವರು ಮಾತ್ರ ಹಬ್ಬ ಬಂದವರಂತೆ ಎದ್ದರು. "ತಡೀರಿ, ಒಂದು ಮಜಾ ತೋರಸ್ತೀನಿ. ಈ ಗ್ಯಾಸ ನೀರಿನಂಗ ಸೇದಿ ತಗೀಬಹುದು!"

ಆಯಿಯ ತಾಮ್ರದ ಕೊಡಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟರು. ಮೆಲ್ಲಗೆ ಎಳೆದುಕೊಂಡರು. ನೋಡಿದರೆ ಖಾಲಿ ಕೊಡ. ಅದನ್ನು ಉರಿಯುವ ಚಿಮಣಿಯ ಮೇಲೆ ಬಗ್ಗಿಸಿದರು. ಏನೂ ಸುರಿಯಲಿಲ್ಲ, ಚಿಮಣಿ ಪಕ್ಕನೆ ಆರಿಹೋಯಿತು. ಸುತ್ತ ನಿಂತವರು "ಅಬಬಾ!" ಎಂದರು. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತು ನಿಂತಿದ್ದೆ. ಅಣ್ಣನನ್ನು ಕೊಂದದ್ದನ್ನು ಕೊಡದಲ್ಲಿ ತಂದು ಸುರಿದು ತೋರಿಸುತ್ತಿದ್ದಾರೆ, ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ.

ಇನ್ನೊಮ್ಮೆ ತೋರಿಸಿ ಎಂದರು ಜನ. ಇನ್ನೊಮ್ಮೆ ಇಳಿಬಿಟ್ಟರು. ಗಂಟು ಜಾರಿತು. ಕೊಡ ಒಳಗೆ ಬಿತ್ತು.

"ಅಯ್ಯ, ನನ್ನ ತವರುಮನಿ ಕೊಡ!" ಎಂದು ಆಯಿ ಎದೆ ಬಡಿದುಕೊಂಡರು.

ಇವರ ಮುಖ ಸಣ್ಣದಾಯಿತು. ಎಲ್ಲರ ಮುಂದೆ ಆದ ಅಪಮಾನ. "ತಡೀರಿ ಆಯಿ, ಈಗ ತಂದೆ," ಎಂದು ಅಂಗಿಯ ತೋಳು ಮಡಚಿದರು.

"ಮಾಸ್ತರ್ರ, ಕಂದೀಲು ಆರೇದ್ರಿ!" ಎಂದರು ಶಿವರಾಯ.

"ಗೊತ್ತದ. ಉಸುರು ಹಿಡಕೊಂಡು ಇಳದು ಹತ್ತಿ ಬರೂದು, ಅಷ್ಟೇ. ಈ ಗ್ಯಾಸಿನ ಗುಣಾ ನನಗ ಗೊತ್ತದ್ರಿ. ದಿನಾ ಮನ್ಯಾಗ ತಯಾರ ಮಾಡ್ತೀನಿ."

ಹಗೇವಿನ ಬಾಯಿಯ ಅಂಚಿಗೆ ಕೂತು ಎರಡೂ ಕಾಲು ಒಳಗೆ ಬಿಟ್ಟರು.

"ಏನ್ರಿ," ಎಂದೆ. ಹೊಳ್ಳಿ ನೋಡಲಿಲ್ಲ.

"ಏನ್ರಿ, ಬ್ಯಾಡ್ರಿ!"

"ಬಂದೆ, ಬಂದೆ," ಎಂದರು. ಕೈ ಊರಿ ಸೊಂಟ ಇಳಿಬಿಟ್ಟರು. ದೊಡ್ಡದಾಗಿ ಉಸಿರೆಳೆದು ಕೆನ್ನೆ ಉಬ್ಬಿಸಿಕೊಂಡರು.

ಮತ್ತೆ ಏನ್ರಿ ಎನ್ನಲು ಹೊರಟೆ. ಅಷ್ಟರಲ್ಲಿ ವೈನಿಯ ಹಿಟ್ಟು ಮೆತ್ತಿದ ಕೈ ಕಣ್ಣ ಮುಂದೆ ಬಂತು. ಹೊಟ್ಟೆಯ ತಳದಿಂದ ಒದರಿದೆ:

"ಕಾಶಿನಾಥಾ!"

ಆಯಿಯ ಅಳು ಗಂಟಲಲ್ಲೇ ನಿಂತಿತು. ಇವರು ಯಾರೋ ಕಪಾಳಕ್ಕೆ ಹೊಡೆದಂತೆ ಹೊಳ್ಳಿ ನೋಡಿದರು. ಹಿಡಿದ ಉಸಿರು ಪುಸ್ಸೆಂದು ಹೋಯಿತು. ಅವರು ಹುಟ್ಟಿದಾಗಿನಿಂದ ಎಷ್ಟೋ ಜನ ಆ ಹೆಸರು ಕರೆದಿರಬೇಕು, ನಾನು ಕರೆದದ್ದು ಅದೇ ಮೊದಲು. ಬಾಯಿ ತೆರೆದು ನನ್ನನ್ನೇ ನೋಡುತ್ತ ಹಾಗೇ ಅಂಚಿಗೆ ಜೋತುಬಿದ್ದಿದ್ದರು. ಶಿವರಾಯ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ದರದರ ಎಳೆದು ಹಾಕಿದರು.

ಶಿವರಾಯ ಕಂದೀಲು ಹಚ್ಚಿ ಮತ್ತೆ ಇಳಿಬಿಟ್ಟರು. ಇವರ ಪಾದ ಜೋತಾಡುತ್ತಿದ್ದ ಮಟ್ಟಕ್ಕೆ ಹೋಗುತ್ತಲೇ ಅದು ಆರಿತು. ಇವರು ಅದನ್ನು ನೋಡಿದರು. ಬೆವರಿದ ಮುಖ ಒರೆಸಿಕೊಂಡು ಕೂಸಿಗಾಗಿ ಕೈ ಚಾಚಿದರು. ನಾನು ಕೂಸನ್ನು ಕೊಡಲಿಲ್ಲ.

ಮರುದಿನವೂ ಕಂದೀಲು ಆರಿತು. ಅದರ ಮರುದಿನ ಉರಿಯಿತು. ಶಿವರಾಯರೇ ಇಳಿದು ಕೊಡ ತಂದು ಆಯಿಯ ಕೈಗಿಟ್ಟರು. ನಮ್ಮ ಬಾಟಲಿಯನ್ನು ಇವರು ತಾವಾಗಿಯೇ ಎತ್ತಿ ಕಿಟಕಿಯ ಹೊರಗೆ, ಗೋಡೆಯ ಮೊಳೆಗೆ ಕಟ್ಟಿದರು. ನಳಿಗೆ ಮಾತ್ರ ಒಳಗೆ ಬಂತು. ನಾನು ತೊಟ್ಟಿಲನ್ನು ಕೆಳಗಿಳಿಸಿದೆ. ಚಿಮಣಿ ಆರಿಸಲು ಇನ್ನೂ ಸ್ವಲ್ಪ ದಿನ ಬೇಕಾಯಿತು. ಇಂದಿಗೂ ಇವರು ಯಾವುದಕ್ಕಾದರೂ ಹಟ ಹಿಡಿದರೆ, "ಹೆಸರು ಹಿಡೀಲೇನು?" ಎಂದರೆ ಸಾಕು, ತೆಪ್ಪಗಾಗುತ್ತಾರೆ.

ಪಂಚಮಿಗೆ ಕೂಸನ್ನು ಕರೆದುಕೊಂಡು ಮಂಠಾಳಕ್ಕೆ ಹೋದೆ. ಓಣಿಯ ಹುಡುಗಿಯರೆಲ್ಲ ಜೋಕಾಲಿಯ ಹತ್ತಿರ ಇದ್ದರು. ವೈನಿ ಹಿತ್ತಲಲ್ಲಿ ಒಬ್ಬಳೇ ಕಾಳು ಹಸನು ಮಾಡುತ್ತಿದ್ದಳು. ಅವಳ ಮುಂದೆ ಕೂತು ಎಲ್ಲಾ ಹೇಳಿದೆ, ಬಾಟಲಿ, ಮೀನು, ಕೊಡ, ಎಲ್ಲಾ. ಅವಳ ಕೈ ಮೊರದ ಮೇಲೆ ನಿಂತಿತು.

"ಕರದ್ಯಾ?"

"ಕರದೆ ವೈನಿ."

"ಹೆಸರ ಹಿಡದು?"

"ಹೆಸರ ಹಿಡದು. ಎಲ್ಲಾರ ಮುಂದ."

"ನಿಂತ್ರಾ?"

"ನಿಂತ್ರು. ಹೊಳ್ಳಿ ನೋಡಿದ್ರು."

ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ. ಹೊಳ್ಳಿ ನೋಡಿದ ಮಾತು ಬಂದಾಗ ಅವಳು ತಲೆ ಅಲ್ಲಾಡಿಸಿದಳು, ತನಗೆ ಮೊದಲೇ ಗೊತ್ತಿತ್ತು ಎನ್ನುವಂತೆ. ಆಮೇಲೆ ಮೊರ ಕೆಳಗಿಟ್ಟು ಎದ್ದಳು. ಹಿತ್ತಲಿನ ಆ ಮೂಲೆಯಲ್ಲಿ ನಮ್ಮ ಹಗೇವನ್ನು ಎಂದೋ ಮಣ್ಣು ತುಂಬಿ ಮುಚ್ಚಿದ್ದರು, ಮೇಲೆ ಕುಂಬಳ ಬಳ್ಳಿ ಹಬ್ಬಿತ್ತು. ಅದರ ಹತ್ತಿರ ಹೋಗಿ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು. ತುಟಿ ಅಲುಗಿದವು, ಸದ್ದು ಬರಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ಮತ್ತೆ ನೆಲದ ಕಡೆ ಬಗ್ಗಿದಳು.

"ಮಾಣಿಕಪ್ಪಾ," ಎಂದಳು, ಊಟಕ್ಕೆ ಕರೆಯುವಷ್ಟು ಮೆಲ್ಲಗೆ.